ಗಾಜಿನ ತೊಟ್ಟಿಯ ಸಮುದ್ರಕ್ಕೆ ಅವಸರ ಆಗದು

ಠಾಣೆಯ ನಮ್ಮ ಫ್ಲ್ಯಾಟಿನಲ್ಲಿ ಟಿ.ವಿ. ಇರಬೇಕಾದ ಜಾಗದಲ್ಲಿ ಇನ್ನೂರು ಲೀಟರ್ ಸಮುದ್ರ ಇದೆ. ಗಾಜಿನ ತೊಟ್ಟಿ, ಉಪ್ಪುನೀರು, ಎರಡು ಕ್ಲೌನ್ ಮೀನು, ಒಂದಷ್ಟು ಹವಳ. ಕುಮಟಾದಿಂದ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಊರಿನ ಕಡಲು ನೆನಪಾದಾಗಲೆಲ್ಲ ಇದರೆದುರು ಕೂರುತ್ತೇನೆ. ಈ ಸಮುದ್ರವನ್ನು ಒಮ್ಮೆ ಒಂದೇ ರಾತ್ರಿಯಲ್ಲಿ ಹಾಳು ಮಾಡಿದವನೂ ನಾನೇ.

ಮೊದಲೇ ಒಂದು ಮಾತು. ಕಲ್ಲಿನಂಥ ಗೂಡು ಕಟ್ಟುವ ಹವಳಗಳು, ಕಪ್ಪು ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನಮ್ಮ ಮನೆಯಲ್ಲಿರುವುದು ಮೆತ್ತನೆಯ ಹವಳ ಮಾತ್ರ. ಅದನ್ನೂ ಆಮದಿನ ಕಾಗದಪತ್ರ ನೋಡಿಯೇ ಕೊಂಡಿದ್ದು.

ಆ ವರ್ಷ ಚೌತಿಗೆ ಊರಿಗೆ ಹೊರಟಿದ್ದೆವು. ಆಫೀಸಿನ ಆಡಿಟ್ ಗಡಿಬಿಡಿಯಲ್ಲಿ ಎರಡು ತಿಂಗಳು ತೊಟ್ಟಿಯ ನೀರು ಬದಲಿಸಿರಲಿಲ್ಲ, ಪರೀಕ್ಷೆಯನ್ನೂ ಮಾಡಿರಲಿಲ್ಲ. ಹೊರಡುವ ಹಿಂದಿನ ರಾತ್ರಿ ನೋಡಿದರೆ ಆಲ್ಕಲಿನಿಟಿ 5.5 ಡಿಕೆಎಚ್‌ಗೆ ಇಳಿದಿತ್ತು. ಸಹಜ ಸಮುದ್ರದಲ್ಲಿ ಇದು ಸುಮಾರು 7. ತೊಟ್ಟಿಯಲ್ಲಿ 8ರ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ರೂಢಿ. ತಕ್ಕಡಿ ಹುಡುಕಲು ಪುರುಸೊತ್ತಿರಲಿಲ್ಲ. ಅಡುಗೆ ಸೋಡಾವನ್ನು ಎರಡು ದೊಡ್ಡ ಚಮಚ ತುಂಬ ತೆಗೆದು ನೀರಲ್ಲಿ ಕದಡಿ ಸುರಿದು ಮಲಗಿದೆ.

ಬೆಳಿಗ್ಗೆ ಎದ್ದಾಗ 12 ಆಗಿತ್ತು. ಪುಟ್ಟ ಕೈಗಳನ್ನು ಮುಚ್ಚಿ ತೆರೆಯುತ್ತಿದ್ದ ಝೀನಿಯಾ ಹವಳ ಜೋತುಬಿದ್ದಿತ್ತು. ಉಳಿದವು ಮುದುಡಿದ್ದವು. ಹೆಂಡತಿ, ಮಗಳನ್ನು ರೈಲು ಹತ್ತಿಸಿ ನಾನು ಉಳಿದೆ. ದಿನಕ್ಕಿಷ್ಟು ಎಂದು ಹೊಸ ಉಪ್ಪುನೀರು ಬದಲಿಸುತ್ತ ಚೌತಿ ಕಳೆಯಿತು. ಝೀನಿಯಾ ಪೂರ್ತಿ ಕರಗಿಹೋಯಿತು. ದಪ್ಪ ಚರ್ಮದ ಸಾರ್ಕೋಫೈಟಾನ್ ಮತ್ತೆ ಅರಳಲು ಮೂರು ವಾರ ಬೇಕಾಯಿತು.

ಲೆಕ್ಕ ಸುಲಭವಿತ್ತು, ನಾನು ಮಾಡಲಿಲ್ಲ ಅಷ್ಟೆ. ನೂರು ಲೀಟರಿಗೆ ಮೂರು ಗ್ರಾಂ ಅಡುಗೆ ಸೋಡಾ ಹಾಕಿದರೆ ಆಲ್ಕಲಿನಿಟಿ 1 ಡಿಕೆಎಚ್ ಏರುತ್ತದೆ. ನನಗೆ ಬೇಕಿದ್ದದ್ದು ಹದಿನೈದು ಗ್ರಾಂ. ಅದನ್ನೂ ದಿನಕ್ಕೆ ಒಂದು ಡಿಕೆಎಚ್ ಮೀರದಂತೆ, ಮೂರ್ನಾಲ್ಕು ದಿನಕ್ಕೆ ಹಂಚಬೇಕಿತ್ತು.

ಆಲ್ಕಲಿನಿಟಿ ಎಂದರೆ ಪಿಎಚ್ ಅಲ್ಲ, ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಸಮುದ್ರದ ನೀರಿನಲ್ಲಿ ಆ ಶಕ್ತಿ ಬರುವುದು ಮುಖ್ಯವಾಗಿ ಬೈಕಾರ್ಬನೇಟಿನಿಂದ. ಕಲ್ಲು ಹವಳದ ಗೂಡು, ಮೆತ್ತನೆ ಹವಳದ ಒಳಗಿನ ಸಣ್ಣ ಮುಳ್ಳುಗಳು, ಬಂಡೆಗೆ ಹಬ್ಬುವ ನೇರಳೆ ಪಾಚಿ, ಚಿಪ್ಪು, ಎಲ್ಲಕ್ಕೂ ಬೇಕಾಗುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದದ್ದು ಇದರಿಂದಲೇ.

ಇಲ್ಲೊಂದು ಸೂಕ್ಷ್ಮವಿದೆ. ಇವು ಬೆಳೆಯುತ್ತ ಆಲ್ಕಲಿನಿಟಿಯನ್ನು 1 ಡಿಕೆಎಚ್ ಇಳಿಸಿದರೆ, ಅದೇ ಹೊತ್ತಿಗೆ ಕ್ಯಾಲ್ಸಿಯಂ ಲೀಟರಿಗೆ ಬರೀ 7 ಮಿಲಿಗ್ರಾಂ ಇಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂನಷ್ಟಿರುವಾಗ ಆ ಇಳಿತ ಗೊತ್ತೇ ಆಗುವುದಿಲ್ಲ. ಎಂಟರಲ್ಲಿ ಒಂದು ಹೋದರೆ ಗೊತ್ತಾಗುತ್ತದೆ. ಅದಕ್ಕೇ ವಾರಕ್ಕೆ ಒಂದನ್ನೇ ಪರೀಕ್ಷಿಸಲು ಸಮಯವಿದ್ದರೆ ಆಲ್ಕಲಿನಿಟಿ ನೋಡಿ. ಎರಡನ್ನೂ ಒಟ್ಟಿಗೆ ಏರಿಸಹೋದರೆ ಸುಣ್ಣದ ಪುಡಿಯಾಗಿ ಕೆಳಗೆ ಕೂರುತ್ತದೆ. ಹಾಗೆ ಕೂರದಂತೆ ತಡೆಯುವುದು ಮೆಗ್ನೀಸಿಯಂ. ಅದು ಲೀಟರಿಗೆ 1,300 ಮಿಲಿಗ್ರಾಂ ಸುತ್ತಮುತ್ತ ಇರಬೇಕು.

ಇನ್ನೊಂದು ತಪ್ಪು ಹೊಸಬರೆಲ್ಲ ಮಾಡುವಂಥದ್ದು. ತೊಟ್ಟಿಯ ನೀರು ಆರಿ ಕಡಿಮೆಯಾದಾಗ ಉಪ್ಪುನೀರು ತುಂಬುತ್ತಾರೆ. ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಆರುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಆರಿದ್ದಕ್ಕೆ ಶುದ್ಧ ಆರ್‌ಒ ನೀರನ್ನೇ ತುಂಬಬೇಕು. ಸಾವಿರಕ್ಕೆ 35 ಪಾಲು ಉಪ್ಪು ಎಂಬ ಲೆಕ್ಕ ಏರುಪೇರಾದರೆ ಉಳಿದ ಲೆಕ್ಕಗಳೂ ಅದರ ಹಿಂದೆಯೇ ಕೆಡುತ್ತವೆ.

ಈಗ ನಾನು ಆ ಶುದ್ಧ ನೀರಿಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಮೇಲಿನ ತಿಳಿಯನ್ನು ರಾತ್ರಿಯಿಡೀ ಹನಿಹನಿಯಾಗಿ ಬಿಡುತ್ತೇನೆ. ಅಂದರೆ ಸುಣ್ಣದ ತಿಳಿನೀರು. ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಬೇಕಾದ ಅಳತೆಯಲ್ಲೇ ಸಿಗುತ್ತವೆ. ಬೆಳಕಿಲ್ಲದಾಗ ಇಳಿಯುವ ಪಿಎಚ್ ಕೂಡ ನಿಲ್ಲುತ್ತದೆ. ಈ ತಿಳಿಯ ಪಿಎಚ್ 12 ದಾಟಿರುತ್ತದೆ, ಹಾಗಾಗಿ ಒಮ್ಮೆಲೇ ಸುರಿದರೆ ಮೀನೂ ಉಳಿಯದು. ಎಲೆ ಅಡಿಕೆಯ ಡಬ್ಬಿಯ ಸುಣ್ಣವಂತೂ ಬೇಡ, ಅದರಲ್ಲಿ ಏನೇನು ಬೆರೆತಿರುತ್ತದೋ.

ಆ ಚೌತಿಯ ದಿನ ಆಯಿ ಫೋನ್ ಮಾಡಿದ್ದಳು. ಮಗ ಬರಲಿಲ್ಲವೆಂಬ ಬೇಸರ ದನಿಯಲ್ಲೇ ಗೊತ್ತಾಗುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಆಲ್ಕಲಿನಿಟಿ ಅವಳಿಗೆ ಅರ್ಥವಾಗಲಿಲ್ಲ, ಸುಣ್ಣ ಅರ್ಥವಾಯಿತು.

‘ಎಲೆಗೆ ಸುಣ್ಣ ಹೆಚ್ಚಾದ್ರೆ ಬಾಯಿ ಸುಡ್ತು ತಮಾ’ ಎಂದಳು.

ಮರುದಿನವೇ ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಸಣ್ಣ ತಕ್ಕಡಿ ತಂದೆ. ಅದು ಈಗ ತೊಟ್ಟಿಯ ಪಕ್ಕದಲ್ಲೇ ಇರುತ್ತದೆ. ಚೌತಿಗೆ ತಪ್ಪದೆ ಊರಿಗೆ ಹೋಗುತ್ತಿದ್ದೇನೆ.