ಅಂಗಳವೂ ಅವರದೇ, ಬಾಗಿಲೂ ಅವರದೇ

ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಆನ್‌ಲೈನಿನಲ್ಲಿ ಟಿಕೆಟ್ ಕೊಂಡವರಿಗೆ ಗೊತ್ತು: ಹಣ ಕಟ್ಟುವ ಕೊನೆಯ ಹಂತದಲ್ಲಿ ಬೆಲೆಯ ಕೆಳಗೆ ಇನ್ನೊಂದು ಸಾಲು ಬಂದು ಕೂತಿರುತ್ತದೆ. ನಮ್ಮಲ್ಲಿ ಅದಕ್ಕೆ ಕನ್ವೀನಿಯನ್ಸ್ ಫೀ ಎಂಬ ಹೆಸರು, ಅಮೆರಿಕದಲ್ಲಿ ಸರ್ವಿಸ್ ಫೀ. ಈ ಹಣವೆಲ್ಲ ಟಿಕೆಟ್ ಮಾರುವ ಕಂಪನಿಯ ಗಲ್ಲಾಪೆಟ್ಟಿಗೆಗೇ ಹೋಗುತ್ತದೆಂದು ಕೊಳ್ಳುವವರು ಬೈದುಕೊಳ್ಳುತ್ತಾರೆ. ಅಮೆರಿಕದ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಆ ಶುಲ್ಕದಲ್ಲಿ ಸಭಾಂಗಣದ ಮಾಲೀಕರಿಗೂ ಪಾಲಿದೆ. ಎಷ್ಟೋ ಕಡೆ ದೊಡ್ಡ ಪಾಲೇ ಅವರದು. ಲೈವ್ ನೇಷನ್ ಮತ್ತು ಟಿಕೆಟ್‌ಮಾಸ್ಟರ್ ಎಂಬ ಎರಡು ಕಂಪನಿಗಳು 2010ರಲ್ಲಿ ಒಂದಾದದ್ದು ಅಲ್ಲಿ ಯಾಕೆ ಇಷ್ಟು ದೀರ್ಘ ಜಗಳಕ್ಕೆ ಕಾರಣವಾಯಿತು ಎಂದು ತಿಳಿಯಲು ಈ ಪಾಲಿನ ಲೆಕ್ಕದಿಂದಲೇ ಹೊರಡಬೇಕು.

ಶುಲ್ಕ ಏರಿಸುವ ಪೈಪೋಟಿ

ಟಿಕೆಟ್‌ಮಾಸ್ಟರ್ ಹುಟ್ಟಿದ್ದು 1976ರಲ್ಲಿ, ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಕಂಪ್ಯೂಟರಿನಲ್ಲಿ ಟಿಕೆಟ್ ಮಾರುವ ವ್ಯವಸ್ಥೆಯೊಂದನ್ನು ರೂಪಿಸಿದ ಸಣ್ಣ ಕಂಪನಿ ಅದು. ಆ ಕಾಲದ ದೊಡ್ಡಣ್ಣ ಟಿಕೆಟ್ರಾನ್. 1982ರಲ್ಲಿ ಫ್ರೆಡ್ ರೋಸನ್ ಎಂಬ ವಕೀಲರು ಟಿಕೆಟ್‌ಮಾಸ್ಟರಿನ ಚುಕ್ಕಾಣಿ ಹಿಡಿದ ಮೇಲೆ ಆಟವೇ ಬದಲಾಯಿತು. ಅದುವರೆಗೆ ಟಿಕೆಟ್ ಮಾರಿಕೊಡುವ ಕೆಲಸಕ್ಕೆ ಸಭಾಂಗಣದವರು ದುಡ್ಡು ಕೊಡುತ್ತಿದ್ದರು. ರೋಸನ್ ಅದನ್ನು ತಿರುಗಿಸಿದರು. ಪ್ರೇಕ್ಷಕರಿಂದ ಶುಲ್ಕ ವಸೂಲಿ ಮಾಡಿ ಅದರಲ್ಲಿ ಸಭಾಂಗಣಕ್ಕೆ ಪಾಲು ಕೊಡುವುದು, ಮುಂಗಡವಾಗಿಯೂ ದೊಡ್ಡ ಮೊತ್ತ ಕೊಡುವುದು. ಅದಕ್ಕೆ ಪ್ರತಿಯಾಗಿ, ಮುಂದಿನ ಹಲವು ವರ್ಷ ಆ ಸಭಾಂಗಣದ ಎಲ್ಲ ಕಾರ್ಯಕ್ರಮಗಳ ಟಿಕೆಟ್ಟನ್ನೂ ತಮ್ಮ ಕಂಪನಿಯೊಂದೇ ಮಾರಬೇಕೆಂಬ ಕರಾರು.

ಇಲ್ಲಿ ಸ್ವಲ್ಪ ನಿಲ್ಲೋಣ. ಅಂಗಡಿಗಳು ಹೆಚ್ಚಾದರೆ ಬೆಲೆ ಇಳಿಯುತ್ತದೆ ಎಂದು ನಾವು ಓದಿದ್ದೇವೆ. ಈ ವ್ಯಾಪಾರದಲ್ಲಿ ಆ ಸೂತ್ರ ನಡೆಯದು. ಟಿಕೆಟ್ ಕಂಪನಿಯ ನಿಜವಾದ ಗಿರಾಕಿ ಟಿಕೆಟ್ ಕೊಳ್ಳುವವರಲ್ಲ, ಸಭಾಂಗಣದವರು. ಹೊಸ ಕಂಪನಿಯೊಂದು ಬಂದು ‘ನಾವು ಅರ್ಧ ಶುಲ್ಕಕ್ಕೆ ಮಾರುತ್ತೇವೆ’ ಎಂದರೆ ಪ್ರೇಕ್ಷಕರು ಕುಣಿಯಬಹುದು, ಸಭಾಂಗಣದವರು ಬಾಗಿಲು ಹಾಕುತ್ತಾರೆ. ಶುಲ್ಕ ಅರ್ಧವಾದರೆ ಅವರ ಪಾಲೂ ಇಳಿಯುತ್ತದಲ್ಲ! ಸಭಾಂಗಣವನ್ನು ಗೆಲ್ಲಬೇಕಾದರೆ ಹೆಚ್ಚು ಪಾಲು ಕೊಡಬೇಕು; ಹೆಚ್ಚು ಪಾಲು ಕೊಡಬೇಕಾದರೆ ಹೆಚ್ಚು ಶುಲ್ಕ ಎತ್ತಬೇಕು. ಹೀಗೆ ಪೈಪೋಟಿಯೇ ಶುಲ್ಕವನ್ನು ಏರಿಸಿತು. 1991ರಲ್ಲಿ ಟಿಕೆಟ್ರಾನಿನ ವ್ಯವಹಾರವನ್ನೂ ಟಿಕೆಟ್‌ಮಾಸ್ಟರ್ ಕೊಂಡುಕೊಂಡಿತು. ಸರ್ಕಾರ ಅಡ್ಡ ಬರಲಿಲ್ಲ.

ಮೊದಲು ಎದುರು ನಿಂತವರು ಹಾಡುಗಾರರೇ. ಸಿಯಾಟಲ್ ನಗರದ ಪರ್ಲ್ ಜಾಮ್ ಎಂಬ ರಾಕ್ ತಂಡಕ್ಕೆ ಟಿಕೆಟ್ ಬೆಲೆ 20 ಡಾಲರ್ ದಾಟಬಾರದೆಂಬ ಹಟವಿತ್ತು: 18 ಡಾಲರ್ ಟಿಕೆಟ್ಟಿಗೆ, 1 ಡಾಲರ್ 80 ಸೆಂಟ್ ಶುಲ್ಕಕ್ಕೆ. ಟಿಕೆಟ್‌ಮಾಸ್ಟರ್ ಒಪ್ಪಲಿಲ್ಲ. 1994ರಲ್ಲಿ ತಂಡ ಅಮೆರಿಕದ ನ್ಯಾಯ ಇಲಾಖೆಗೆ ದೂರು ಕೊಟ್ಟಿತು. ಅದೇ ವರ್ಷದ ಜೂನ್ 30ರಂದು ಗಿಟಾರ್ ವಾದಕ ಸ್ಟೋನ್ ಗೊಸಾರ್ಡ್, ಬಾಸ್ ವಾದಕ ಜೆಫ್ ಅಮೆಂಟ್ ಸಂಸತ್ತಿನ ಉಪಸಮಿತಿಯ ಮುಂದೆ ಹೋಗಿ ಸಾಕ್ಷಿ ಹೇಳಿದರು. ಟಿಕೆಟ್‌ಮಾಸ್ಟರ್ ಕರಾರಿಲ್ಲದ ಜಾಗಗಳಲ್ಲೇ ಹಾಡುತ್ತೇವೆಂದು 1995ರಲ್ಲಿ ಪ್ರವಾಸ ಹೊರಟರೆ ಸರಿಯಾದ ಜಾಗಗಳೇ ಸಿಗದೆ ಪೇಚಾಡಿದರು. ಆ ಜುಲೈಯಲ್ಲಿ ನ್ಯಾಯ ಇಲಾಖೆ ತನಿಖೆಯನ್ನು ಕೈಬಿಟ್ಟಿತು. ಆ ಕಾಲದ ಅತಿ ಜನಪ್ರಿಯ ತಂಡಗಳಲ್ಲಿ ಒಂದಕ್ಕೇ ಹೀಗಾದರೆ ಸಣ್ಣಪುಟ್ಟವರ ಗತಿ ಏನು ಎಂದು ಉಳಿದವರು ಸುಮ್ಮನಾದರು.

ಕೈ ಸೇರಿಸಿದ ಎರಡು ದೈತ್ಯರು

ಅತ್ತ ಇನ್ನೊಂದು ಕಥೆ ನಡೆದಿತ್ತು. ಕಾರ್ಯಕ್ರಮ ನಡೆಸುವ ಆಯೋಜಕರು, ಅಲ್ಲಿನ ಮಾತಿನಲ್ಲಿ ಪ್ರಮೋಟರ್‌ಗಳು, ಅಮೆರಿಕದಲ್ಲಿ ಊರಿಗೊಬ್ಬರು, ಸೀಮೆಗೊಬ್ಬರು ಇದ್ದರು. 1990ರ ದಶಕದ ಕೊನೆಯಲ್ಲಿ ರಾಬರ್ಟ್ ಸಿಲ್ಲರ್‌ಮನ್ ಎಂಬ ಉದ್ಯಮಿ ತಮ್ಮ ಎಸ್‌ಎಫ್‌ಎಕ್ಸ್ ಕಂಪನಿಯ ಮೂಲಕ ಇವರನ್ನು ಒಬ್ಬೊಬ್ಬರಾಗಿ ಕೊಳ್ಳುತ್ತ ಹೋದರು. 2000ದಲ್ಲಿ ಆ ಗಂಟು ಇಡಿಯಾಗಿ ರೇಡಿಯೋ ದೈತ್ಯ ಕ್ಲಿಯರ್ ಚಾನೆಲ್ ಪಾಲಾಯಿತು. 2005ರ ಡಿಸೆಂಬರಿನಲ್ಲಿ ಕ್ಲಿಯರ್ ಚಾನೆಲ್ ಅದನ್ನು ಬೇರೆ ಮಾಡಿದಾಗ ಹುಟ್ಟಿದ್ದೇ ಲೈವ್ ನೇಷನ್. ಅದರ ಕೈಯಲ್ಲಿ ಬಯಲು ರಂಗಮಂದಿರಗಳೂ ಇದ್ದವು.

ಲೈವ್ ನೇಷನ್ ತನ್ನ ಟಿಕೆಟ್‌ಗಳನ್ನು ಟಿಕೆಟ್‌ಮಾಸ್ಟರಿಗೆ ಕೊಡುತ್ತಿತ್ತು. 2008ರ ಕೊನೆಗೆ ಕರಾರು ಮುಗಿಯಿತು. ನಮ್ಮ ಟಿಕೆಟ್ ನಾವೇ ಮಾರಿಕೊಳ್ಳುತ್ತೇವೆಂದು ಅದು ಸ್ವಂತ ಅಂಗಡಿ ತೆರೆದು, ಒಂದೇ ಏಟಿಗೆ ಈ ವ್ಯಾಪಾರದಲ್ಲಿ ಎರಡನೇ ಸ್ಥಾನಕ್ಕೆ ಬಂತು. ದಶಕಗಳ ಮೇಲೆ ಟಿಕೆಟ್‌ಮಾಸ್ಟರಿಗೆ ನಿಜವಾದ ಎದುರಾಳಿ ಸಿಕ್ಕಿತು ಎಂದು ಜನ ಅಂದುಕೊಳ್ಳುವಷ್ಟರಲ್ಲಿ, 2009ರ ಫೆಬ್ರವರಿ 10ರಂದು ಎರಡೂ ಕಂಪನಿಗಳು ಒಂದಾಗುವ ಸುದ್ದಿ ಹೊರಬಿತ್ತು. ಅದಕ್ಕೆ ಮುಂಚೆಯೇ ಟಿಕೆಟ್‌ಮಾಸ್ಟರ್ ಫ್ರಂಟ್ ಲೈನ್ ಎಂಬ, ಕಲಾವಿದರ ವ್ಯವಹಾರ ನೋಡಿಕೊಳ್ಳುವ ದೊಡ್ಡ ಸಂಸ್ಥೆಯನ್ನೂ ತೆಕ್ಕೆಗೆ ಹಾಕಿಕೊಂಡಿತ್ತು. ಅಲ್ಲಿಗೆ ಹಾಡುಗಾರರ ಮ್ಯಾನೇಜರ್, ಆಯೋಜಕ, ರಂಗಮಂದಿರದ ಮಾಲೀಕ, ಟಿಕೆಟ್ ಮಾರುವವ ಎಲ್ಲರೂ ಒಂದೇ ಮನೆಯವರು.

ಇದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಬಹುದು. ನಮ್ಮ ಕರಾವಳಿಯ ಯಕ್ಷಗಾನದ ಡೇರೆ ಮೇಳದಲ್ಲೂ ಕಲಾವಿದರಿಗೆ ಸಂಬಳ ಕೊಡುವವರು, ಡೇರೆ ಹೊಡೆಸುವವರು, ಟಿಕೆಟ್ ಹರಿಯುವವರು ಒಬ್ಬರೇ ಯಜಮಾನರು. ಯಾರೂ ಅದನ್ನು ಏಕಸ್ವಾಮ್ಯ ಎನ್ನಲಿಲ್ಲ. ಯಾಕೆಂದರೆ ಮರುದಿನ ಪಕ್ಕದ ಗದ್ದೆಯಲ್ಲಿ ಇನ್ನೊಂದು ಮೇಳ ಡೇರೆ ಹಾಕಬಹುದಿತ್ತು. ಸರಿಬರದ ವೇಷಧಾರಿ ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರಬಹುದಿತ್ತು. ಹಲವು ಕೆಲಸಗಳನ್ನು ಒಬ್ಬರೇ ಮಾಡುವುದು ತಪ್ಪಲ್ಲ. ಊರಿನ ಗದ್ದೆಗಳೆಲ್ಲ ಒಬ್ಬರದೇ ಆದಾಗ ಮಾತು ಬೇರೆ.

ವಿರೋಧ ಜೋರಾಗಿಯೇ ಬಂತು. ಅದೇ ದಿನಗಳಲ್ಲಿ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ನ್ಯೂಜೆರ್ಸಿ ಕಾರ್ಯಕ್ರಮದ ಟಿಕೆಟ್ ಹುಡುಕಿ ಟಿಕೆಟ್‌ಮಾಸ್ಟರಿಗೆ ಹೋದ ಅಭಿಮಾನಿಗಳನ್ನು, ಅದರದೇ ಒಡೆತನದ ಟಿಕೆಟ್ಸ್‌ನೌ ಎಂಬ ಮರುಮಾರಾಟದ ತಾಣಕ್ಕೆ ಕಳಿಸಲಾಗಿತ್ತು. ಅಲ್ಲಿ ಬೆಲೆ ಎಷ್ಟೋ ಪಟ್ಟು. ಸಿಟ್ಟಾದ ಸ್ಪ್ರಿಂಗ್‌ಸ್ಟೀನ್ ಬಹಿರಂಗ ಪತ್ರ ಬರೆದು, ಈ ವಿಲೀನ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತದೆ ಎಂದರು. ಟಿಕೆಟ್‌ಮಾಸ್ಟರ್ ಕ್ಷಮೆ ಕೇಳಿತು. ವಿಲೀನ ಮುಂದುವರಿಯಿತು.

2010ರ ಜನವರಿ 25ರಂದು ನ್ಯಾಯ ಇಲಾಖೆಯ ತೀರ್ಮಾನ ಬಂತು: ಒಪ್ಪಿಗೆ ಉಂಟು, ಷರತ್ತುಗಳೂ ಉಂಟು. ದೊಡ್ಡ ಸಭಾಂಗಣಗಳ ಟಿಕೆಟ್ ವ್ಯವಹಾರದಲ್ಲಿ ಟಿಕೆಟ್‌ಮಾಸ್ಟರಿನ ಪಾಲು ಶೇ. 80ಕ್ಕೂ ಮಿಕ್ಕಿದೆ ಎಂದು ಇಲಾಖೆಯೇ ಬರೆಯಿತು. ಹೊಸ ಎದುರಾಳಿಗಳನ್ನು ಹುಟ್ಟಿಸಲೆಂದು ಟಿಕೆಟ್‌ಮಾಸ್ಟರ್ ತನ್ನ ಮುಖ್ಯ ತಂತ್ರಾಂಶವನ್ನು ಎಇಜಿ ಎಂಬ ಪ್ರತಿಸ್ಪರ್ಧಿ ಆಯೋಜಕರಿಗೆ ಬಳಸಲು ಕೊಡಬೇಕು, ಪ್ಯಾಸಿಯೋಲನ್ ಎಂಬ ತನ್ನ ಅಂಗಸಂಸ್ಥೆಯನ್ನು ಕಾಮ್‌ಕಾಸ್ಟ್-ಸ್ಪೆಕ್ಟಾಕೋರಿಗೆ ಮಾರಬೇಕು. ಮೂರನೆಯದೇ ಮುಖ್ಯ: ಬೇರೆ ಟಿಕೆಟ್ ಕಂಪನಿಯನ್ನು ಆರಿಸಿಕೊಂಡ ಸಭಾಂಗಣದ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಈ ಕಟ್ಟುಪಾಡಿಗೆ ಹತ್ತು ವರ್ಷದ ಅವಧಿ. ಬ್ರಿಟನ್ನಿನ ಸ್ಪರ್ಧಾ ಆಯೋಗ ಮೊದಲು ಬೇಡವೆಂದು ಹೇಳಿ ಆಮೇಲೆ ಒಪ್ಪಿತು. ಎಇಜಿ ಆ ತಂತ್ರಾಂಶವನ್ನು ನೆಚ್ಚಿಕೊಳ್ಳದೆ ಎಎಕ್ಸ್‌ಎಸ್ ಎಂಬ ತನ್ನದೇ ಟಿಕೆಟ್ ಕಂಪನಿ ಕಟ್ಟಿಕೊಂಡಿತು.

ಬೆದರಿಸದೆಯೇ ಹುಟ್ಟುವ ಬೆದರಿಕೆ

‘ಸೇಡು ತೀರಿಸಬಾರದು’ ಎಂದು ಬರೆಯುವುದು ಸುಲಭ. ಸಾಬೀತು ಮಾಡುವುದು ಹೇಗೆ? ಒಂದು ಊರಿನ ಸಭಾಂಗಣ ಟಿಕೆಟ್‌ಮಾಸ್ಟರನ್ನು ಬಿಟ್ಟಿತು ಅನ್ನಿ. ಮುಂದಿನ ವರ್ಷ ಲೈವ್ ನೇಷನ್ ನಡೆಸುವ ದೊಡ್ಡ ತಾರೆಯ ಪ್ರವಾಸ ಆ ಊರನ್ನು ಬಿಟ್ಟು ಪಕ್ಕದ ಊರಿಗೆ ಹೋಯಿತು. ಕಾರಣ ಕೇಳಿದರೆ ನೂರಿವೆ: ದಿನಾಂಕ ಹೊಂದಲಿಲ್ಲ, ಬಾಡಿಗೆ ಜಾಸ್ತಿ, ಲಾರಿಗಳು ಸಾಗುವ ದಾರಿ ಸರಿಹೋಗಲಿಲ್ಲ. ಇವುಗಳಲ್ಲಿ ಒಂದು ನಿಜವೂ ಇರಬಹುದು. ಹಾಗಾಗಿ ಯಾರೂ ಫೋನ್ ಮಾಡಿ ಗದರಿಸಬೇಕಾಗಿಲ್ಲ. ಸಭಾಂಗಣದ ವ್ಯವಸ್ಥಾಪಕರು ತಾವೇ ಲೆಕ್ಕ ಹಾಕಿ ಹೆದರುತ್ತಾರೆ. ಕಾಗದದ ಷರತ್ತಿಗೆ ಈ ಹೆದರಿಕೆಯನ್ನು ಕಳೆಯುವ ಶಕ್ತಿ ಇಲ್ಲ. ಬ್ರೂಕ್ಲಿನ್‌ನ ಬಾರ್‌ಕ್ಲೇಸ್ ಸೆಂಟರ್ ಎಂಬ ಸಭಾಂಗಣ 2021ರಲ್ಲಿ ಟಿಕೆಟ್‌ಮಾಸ್ಟರ್ ಬಿಟ್ಟು ಸೀಟ್‌ಗೀಕ್ ಎಂಬ ಕಂಪನಿಗೆ ಹೋಯಿತು. 2023ರಲ್ಲಿ ಮರಳಿ ಟಿಕೆಟ್‌ಮಾಸ್ಟರ್ ತೆಕ್ಕೆಗೆ ಬಂತು. ತಾನು ಯಾರನ್ನೂ ಬೆದರಿಸಿಲ್ಲ ಎಂಬುದು ಲೈವ್ ನೇಷನ್ ವಾದ.

ಆದರೂ ಬಾಯಿಬಿಟ್ಟೇ ಬೆದರಿಸಿದ ಪ್ರಸಂಗಗಳು ಸಿಕ್ಕಿವೆ ಎಂದು 2019ರ ಡಿಸೆಂಬರಿನಲ್ಲಿ ನ್ಯಾಯ ಇಲಾಖೆ ಹೇಳಿತು. ಟಿಕೆಟ್‌ಮಾಸ್ಟರನ್ನು ಬಿಟ್ಟರೆ ಕಾರ್ಯಕ್ರಮ ಕೊಡುವುದಿಲ್ಲವೆಂದು ಸಭಾಂಗಣಗಳಿಗೆ ಪದೇಪದೇ ಸೂಚಿಸಲಾಗಿದೆ ಎಂಬುದು ಅದರ ಆರೋಪ. ಕಂಪನಿ ತಪ್ಪೊಪ್ಪಿಕೊಳ್ಳದೆ ರಾಜಿಯಾಯಿತು. ಸಿಕ್ಕ ಶಿಕ್ಷೆ ಏನು? ಕಟ್ಟುಪಾಡಿನ ಅವಧಿ ಐದೂವರೆ ವರ್ಷ ವಿಸ್ತರಣೆ, ಒಬ್ಬ ಸ್ವತಂತ್ರ ಮೇಲ್ವಿಚಾರಕ, ಇನ್ನು ಮುಂದೆ ಮುರಿದರೆ ಪ್ರತಿ ಸಲಕ್ಕೆ 10 ಲಕ್ಷ ಡಾಲರ್ ದಂಡ. 2023ರಲ್ಲಿ ಲೈವ್ ನೇಷನ್ ಆದಾಯ 2,200 ಕೋಟಿ ಡಾಲರ್ ದಾಟಿತ್ತು. ದಂಡ ಎಷ್ಟು ಚುರುಕು ಮುಟ್ಟಿಸೀತು ಎಂದು ಓದುಗರೇ ಹೇಳಬೇಕು.

ಸಾಮಾನ್ಯರ ಸಿಟ್ಟು ಸ್ಫೋಟಿಸಿದ್ದು 2022ರ ನವೆಂಬರ್ 15ರಂದು. ಗಾಯಕಿ ಟೇಲರ್ ಸ್ವಿಫ್ಟ್ ಅವರ ಎರಾಸ್ ಟೂರ್ ಟಿಕೆಟ್ಟಿಗೆ 35 ಲಕ್ಷ ಮಂದಿ ಮೊದಲೇ ಹೆಸರು ನೋಂದಾಯಿಸಿದ್ದರು. ಅಂದು 20 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದವು, ತಾಣ ಕುಸಿಯಿತು, ಆಮೇಲೆ ನಡೆಯಬೇಕಿದ್ದ ಸಾರ್ವಜನಿಕ ಮಾರಾಟವೇ ರದ್ದಾಯಿತು. ನನಗೆ ಕೇಳಿದರೆ ಇದು ಏಕಸ್ವಾಮ್ಯಕ್ಕೆ ಒಳ್ಳೆಯ ಪುರಾವೆ ಅಲ್ಲ. ಅಷ್ಟು ಜನ ಒಟ್ಟಿಗೆ ನುಗ್ಗಿದರೆ ಯಾವ ಕಂಪನಿಯ ಯಂತ್ರವೂ ತಡವರಿಸೀತು. ಇದಕ್ಕಿಂತ ದೊಡ್ಡ ಪುರಾವೆ ಬಂದದ್ದು ಎರಡು ತಿಂಗಳ ಮೇಲೆ, 2023ರ ಜನವರಿ 24ರಂದು ಸೆನೆಟ್ ಸಮಿತಿಯ ಮುಂದೆ, ಸಣ್ಣ ತಂಡವೊಂದರ ಗಾಯಕ ಕ್ಲೈಡ್ ಲಾರೆನ್ಸ್ ಬಿಚ್ಚಿಟ್ಟ ಖರ್ಚಿನ ಪಟ್ಟಿಯಲ್ಲಿ. ಟಿಕೆಟ್ ಬೆಲೆ 30 ಡಾಲರ್. ಶುಲ್ಕ ಸೇರಿ ಪ್ರೇಕ್ಷಕ ಕೊಡುವುದು 42. ಅದರಲ್ಲಿ ತಂಡದ ಕೈಗೆ ಬರುವುದು 12, ಪ್ರವಾಸದ ಖರ್ಚು ಕಳೆದರೆ ಉಳಿಯುವುದು 6. ಒಮ್ಮೆ ಹತ್ತು ಒಗೆದ ಟವೆಲ್ಲುಗಳಿಗೆ 250 ಡಾಲರ್ ಮುರಿದುಕೊಂಡದ್ದೂ ಇತ್ತಂತೆ! ಲಾರೆನ್ಸ್ ವಿವರಿಸಿದ ಮರ್ಮ ಇಷ್ಟೆ: ಆಯೋಜಕರು ಬೇರೆ, ಸಭಾಂಗಣದವರು ಬೇರೆ ಆಗಿದ್ದರೆ, ಸಭಾಂಗಣದ ಬಿಲ್ಲನ್ನು ಆಯೋಜಕರು ಚೌಕಾಶಿ ಮಾಡಿ ಇಳಿಸುತ್ತಾರೆ, ಆ ಲಾಭದಲ್ಲಿ ಕಲಾವಿದರಿಗೂ ಪಾಲು ಸಿಗುತ್ತದೆ. ಇಬ್ಬರೂ ಒಂದೇ ಕಂಪನಿಯವರಾದರೆ ಚೌಕಾಶಿ ಯಾರ ಜೊತೆ? ತಾನೇ ಬಿಲ್ಲು ಬರೆದು ತಾನೇ ಒಪ್ಪಿ, ಕಲಾವಿದರ ಲೆಕ್ಕದಿಂದ ಮುರಿದುಕೊಂಡರಾಯಿತು.

2024ರ ಮೇ 23ರಂದು ನ್ಯಾಯ ಇಲಾಖೆ ಹಲವು ರಾಜ್ಯಗಳ ಜೊತೆಗೂಡಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ಹೂಡಿತು. ತಾನೇ ಒಪ್ಪಿಗೆ ಕೊಟ್ಟ ಜೋಡಿಯನ್ನು ಬೇರ್ಪಡಿಸಿ ಎಂಬುದೇ ಅದರ ಬೇಡಿಕೆಯಾಗಿತ್ತು. ದೂರಿನ ಪ್ರಕಾರ ದೊಡ್ಡ ಸಭಾಂಗಣಗಳ ಟಿಕೆಟ್ ಮಾರಾಟದಲ್ಲಿ ಟಿಕೆಟ್‌ಮಾಸ್ಟರ್ ಪಾಲು ಆಗಲೂ ಸುಮಾರು ಶೇ. 80. ಉತ್ತರ ಅಮೆರಿಕದಲ್ಲಿ 265ಕ್ಕೂ ಹೆಚ್ಚು ಸಭಾಂಗಣಗಳ ಮೇಲೆ ಲೈವ್ ನೇಷನ್ ಹಿಡಿತವಿತ್ತು, 400ಕ್ಕೂ ಹೆಚ್ಚು ಕಲಾವಿದರ ವ್ಯವಹಾರ ಅದರ ಕೈಯಲ್ಲಿತ್ತು. ಹದಿನಾಲ್ಕು ವರ್ಷದ ಷರತ್ತುಗಳ ಫಲ ಆ ಮೊದಲ ಅಂಕಿಯಲ್ಲೇ ಇದೆ. ಕಂಪನಿಗೂ ಹೇಳಲು ಮಾತಿದೆ: ಟಿಕೆಟ್ಟಿನ ಮೂಲ ಬೆಲೆ ನಿರ್ಧರಿಸುವವರು ಕಲಾವಿದರು, ಶುಲ್ಕದ ಹೆಚ್ಚು ಪಾಲು ಸಭಾಂಗಣಕ್ಕೆ, ದುಬಾರಿಗೆ ಕಾರಣ ಕಾಳಸಂತೆಯವರು. ಇದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಸಭಾಂಗಣವೂ ತನ್ನದೇ ಆದಾಗ ‘ಪಾಲು ಸಭಾಂಗಣಕ್ಕೆ ಹೋಗುತ್ತದೆ’ ಎಂಬ ಮಾತಿಗೆ ಏನು ಅರ್ಥ?

2010ರಲ್ಲಿ ಬೇಡ ಎನ್ನಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಒಂದಾಗುವ ಮುಂಚೆ ತಡೆಯಲು ಒಂದು ಆದೇಶ ಸಾಕು. ಒಂದಾದ ಮೇಲೆ ಬಿಡಿಸಲು ವರ್ಷಗಟ್ಟಲೆ ಕೋರ್ಟು ಅಲೆಯಬೇಕು.

ನಮ್ಮಲ್ಲಿ ಕ್ರೀಡಾಂಗಣಗಳು ಹೆಚ್ಚಾಗಿ ಸರ್ಕಾರದವು, ಇಲ್ಲವೇ ಕ್ರಿಕೆಟ್ ಸಂಸ್ಥೆಗಳವು. ಹಾಗಾಗಿ ಅಂಗಳ ಇನ್ನೂ ಟಿಕೆಟ್ ಕಂಪನಿಗಳ ಕೈ ಸೇರಿಲ್ಲ. ಆದರೆ ಟಿಕೆಟ್ ಮಾರುವವರೇ ಕಾರ್ಯಕ್ರಮ ನಡೆಸುವುದು ಆಗಲೇ ಶುರುವಾಗಿದೆ. ನವಿ ಮುಂಬೈ ಮತ್ತು ಅಹಮದಾಬಾದಿನಲ್ಲಿ 2025ರ ಜನವರಿಯಲ್ಲಿ ನಡೆದ ಕೋಲ್ಡ್‌ಪ್ಲೇ ಕಾರ್ಯಕ್ರಮಗಳ ಟಿಕೆಟ್ ಮಾರಿದ್ದೂ ಬುಕ್‌ಮೈಶೋ, ಆಯೋಜನೆಯಲ್ಲಿ ಕೈ ಇದ್ದದ್ದೂ ಅದರದೇ, ಜೊತೆಗೆ ಲೈವ್ ನೇಷನ್. ಚಿತ್ರಮಂದಿರಗಳೊಡನೆ ಬುಕ್‌ಮೈಶೋ ಮಾಡಿಕೊಂಡ ಕರಾರುಗಳ ಬಗ್ಗೆ ದೂರು ಬಂದಾಗ ಭಾರತೀಯ ಸ್ಪರ್ಧಾ ಆಯೋಗ 2022ರಲ್ಲಿ ತನಿಖೆಗೆ ಆದೇಶಿಸಿತ್ತು. 2024ರ ಆಗಸ್ಟಿನಲ್ಲಿ ಪೇಟಿಎಂನ ಟಿಕೆಟ್ ವ್ಯವಹಾರವನ್ನು ಜೊಮ್ಯಾಟೊ 2,048 ಕೋಟಿ ರೂಪಾಯಿಗೆ ಕೊಂಡಿತು.

2024ರ ಸೆಪ್ಟೆಂಬರ್ 10ರಿಂದ ನಮ್ಮಲ್ಲೊಂದು ಹೊಸ ನಿಯಮ ಜಾರಿಯಲ್ಲಿದೆ. ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಯನ್ನು 2,000 ಕೋಟಿ ರೂಪಾಯಿಗಿಂತ ಹೆಚ್ಚು ಮೌಲ್ಯಕ್ಕೆ ಕೊಳ್ಳುವುದಾದರೆ ಸ್ಪರ್ಧಾ ಆಯೋಗದ ಒಪ್ಪಿಗೆ ಮೊದಲೇ ಬೇಕು. 150 ದಿನಗಳೊಳಗೆ ಆಯೋಗ ತೀರ್ಮಾನ ಹೇಳಬೇಕು. ಸ್ಪರ್ಧೆಗೆ ಧಕ್ಕೆಯಾದೀತೆಂದು ಆಯೋಗಕ್ಕೆ ಅನ್ನಿಸಿದರೆ ವಿಲೀನದ ವಿವರವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬಹುದು. ಅಂಥ ಪ್ರಕಟಣೆ ಕಣ್ಣಿಗೆ ಬಿದ್ದರೆ, ಟಿಕೆಟ್ ಕೊಳ್ಳುವವರಾಗಿ ನಿಮ್ಮ ಆಕ್ಷೇಪವನ್ನು ಗಡುವಿನೊಳಗೆ ಬರೆದು ಕಳಿಸಿ.