ನಿಮಗಿದು ಗೊತ್ತೇ? ಸಾವು ಗೊತ್ತಿದ್ದೂ ಆಡುವ ಆಟ

ಕಲಬುರಗಿಯ ಗಾಜಿಪುರ. ಮೇ ತಿಂಗಳ ಸಂಜೆ, ಕರೆಂಟ್ ಹೋಗಿ ಅರ್ಧ ತಾಸಾಗಿತ್ತು. ಮಾಳಗಿ ಮೇಲೆ ಚಾಪೆ ಹಾಸಿಕೊಂಡು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿಯುತ್ತ ಕೂತಿದ್ದೆ. ಪಕ್ಕದಲ್ಲಿ ಅಕ್ಕನ ಮಗ. ಅವನ ಕೈಯಲ್ಲಿ ಯಾರದೋ ಹಳೆಯ ಗೇಮ್ ಯಂತ್ರ, ಪಿಎಸ್‌ಪಿ.

“ಮಾಮಾ, ಈ ಜ್ಯಾಕ್ ಕಡೀಗಿ ಸಾಯ್ತಾನಂತ ನಮ್ ದೋಸ್ತರಿಗೆಲ್ಲಾ ಗೊತ್ತದ. ಗೊತ್ತಿದ್ದ ಮ್ಯಾಲ ಯಾಕ ಆಡ್ಬೇಕು?”

ಅವನು ಆಡುತ್ತಿದ್ದದ್ದು ‘ಕ್ರೈಸಿಸ್ ಕೋರ್: ಫೈನಲ್ ಫ್ಯಾಂಟಸಿ 7’, ಹಳೆಯ ‘ಫೈನಲ್ ಫ್ಯಾಂಟಸಿ 7’ ಆಟದ ಪೂರ್ವಕಥೆ. ಈ ಸಲದ ಅಂಕಣ ಪೂರ್ತಿ ಆ ಪ್ರಶ್ನೆಗೇ ಮೀಸಲು.

● ಜ್ಯಾಕ್ ಫೇರ್ ಸತ್ತದ್ದು 1997ರಲ್ಲಿ, ನಾಯಕನಾದದ್ದು 2007ರಲ್ಲಿ! ಜಪಾನಿನ ಸ್ಕ್ವೇರ್ ಕಂಪನಿ 1997ರ ಜನವರಿ 31ರಂದು ಬಿಡುಗಡೆ ಮಾಡಿದ ‘ಫೈನಲ್ ಫ್ಯಾಂಟಸಿ 7’ರಲ್ಲಿ ಅವನು ನೆನಪಿನ ತುಣುಕುಗಳಲ್ಲಿ ಬಂದುಹೋಗುವ ಹುಡುಗ, ಅಷ್ಟೆ. ಅವನ ಸಾವಿನ ದೃಶ್ಯ ಜಪಾನಿನ ಮೊದಲ ಆವೃತ್ತಿಯಲ್ಲಿ ಇರಲೇ ಇಲ್ಲ. ಅದೇ ವರ್ಷ ಹೊರದೇಶಗಳಿಗೆ ಕಳಿಸುವಾಗ ಸೇರಿಸಿದರು. ಅದೂ ಒಂದು ಹಳೆಯ ಬಂಗಲೆಯ ನೆಲಮಾಳಿಗೆಗೆ ತಾವಾಗಿ ಮರಳಿ ಹೋದವರಿಗಷ್ಟೇ ಕಾಣುವಂತೆ.

● ಈ ಕಥೆಯ ಖಳ ರಾಕ್ಷಸನಲ್ಲ, ವಿದ್ಯುತ್ ಕಂಪನಿ. ಹೆಸರು ಶಿನ್ರಾ. ಭೂಮಿಯ ಜೀವಸತ್ವವನ್ನೇ ಹೀರಿ ಕರೆಂಟ್ ಮಾಡುತ್ತದೆ, ಜತೆಗೆ ಸ್ವಂತ ಸೇನೆಯನ್ನೂ ಸಾಕಿಕೊಂಡಿದೆ. ಜ್ಯಾಕ್ ಆ ಸೇನೆಯ ಉತ್ಸಾಹಿ ಹುಡುಗ. ಗುರು ಅವನನ್ನು ನಾಯಿಮರಿ ಎಂದೇ ಕರೆಯುತ್ತಾನೆ. (ಇಷ್ಟು ಹೇಳುವಷ್ಟರಲ್ಲಿ ನಮ್ಮ ಓಣಿಗೆ ಕರೆಂಟ್ ಬಂದು, ಮತ್ತೆ ಹೋಯಿತು.)

● ಮೂಲ ಆಟ ಬಂದದ್ದು 3 ಸಿಡಿಗಳಲ್ಲಿ. ಅದರ ಪೂರ್ವಕಥೆ ಕೂತದ್ದು 6 ಸೆಂಟಿಮೀಟರ್ ಅಗಲದ ಒಂದೇ ಒಂದು ಯುಎಂಡಿ ತಟ್ಟೆಯಲ್ಲಿ. ಪಿಎಸ್‌ಪಿಯ ಪರದೆ 4.3 ಇಂಚು, ಅಡ್ಡಕ್ಕೆ 480, ಉದ್ದಕ್ಕೆ 272 ಚುಕ್ಕಿ. ಈಗಿನ ಅಗ್ಗದ ಫೋನೂ ಇದನ್ನು ನೋಡಿ ನಗುತ್ತದೆ. ಆದರೂ ಆ ಕಿಟಕಿಯಲ್ಲಿ ಮಳೆ ಸುರಿದಾಗ ಮಳೆಯಂತೆಯೇ ಕಾಣುತ್ತದೆ.

● ‘ಕ್ರೈಸಿಸ್ ಕೋರ್’ಗೂ ಮೊದಲೇ ಇನ್ನೊಂದು ಪೂರ್ವಕಥೆ ಬಂದಿತ್ತು, ಅದೂ ಕೀಪ್ಯಾಡ್ ಮೊಬೈಲ್‌ನಲ್ಲಿ! 2004ರಲ್ಲಿ ಜಪಾನಿನ ಫೋನುಗಳಿಗೆಂದೇ ಮಾಡಿದ ‘ಬಿಫೋರ್ ಕ್ರೈಸಿಸ್’ ಆ ದೇಶದ ಗಡಿ ದಾಟಲಿಲ್ಲ. ಎರಡನ್ನೂ ನಿರ್ದೇಶಿಸಿದವರು ಹಾಜಿಮೆ ತಬಾತ.

● 2007ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ‘ಕ್ರೈಸಿಸ್ ಕೋರ್’ ಬಂದಾಗ ಜತೆಗೊಂದು ವಿಶೇಷ ಬೆಳ್ಳಿಬಣ್ಣದ ಪಿಎಸ್‌ಪಿಯನ್ನೂ ಮಾರಿದರು. ಎಷ್ಟು? ಸರಿಯಾಗಿ 77,777. ಏಳರ ಹುಚ್ಚು ಇಷ್ಟಕ್ಕೇ ನಿಲ್ಲುವುದಿಲ್ಲ, ಮುಂದೆ ನೋಡಿ.

● ಈ ಆಟದ ಜೀವಾಳ ಒಂದು ಜೂಜಿನ ಚಕ್ರ. ಕತ್ತಿಯುದ್ಧ ನಡೆಯುತ್ತಿರುವಾಗಲೇ ಪರದೆಯ ಎಡಮೂಲೆಯಲ್ಲಿ ಮೂರು ಸುರುಳಿಗಳು ತಮ್ಮಷ್ಟಕ್ಕೆ ತಾವೇ ಗಿರಗಿರ ತಿರುಗುತ್ತಿರುತ್ತವೆ. ಆಡುವವ ಅದನ್ನು ಮುಟ್ಟುವಂತಿಲ್ಲ. ಒಂದು ಸುತ್ತಿಗೆ 10 ಅಂಕ ಖರ್ಚು. ಸುರುಳಿಗಳ ಮೇಲಿರುವುದು ಸೇಬು, ಗಂಟೆಗಳಲ್ಲ; ಜ್ಯಾಕ್‌ನ ಬದುಕಿಗೆ ಬಂದವರ ಮುಖಗಳು. ಗುರು ಆಂಜೀಲ್, ಹೂ ಮಾರುವ ಏರಿತ್, ಗೆಳೆಯನೂ ಮೂಲ ಆಟದ ನಾಯಕನೂ ಆದ ಕ್ಲೌಡ್, ಮುಂದೆ ಶತ್ರುವಾಗುವ ಸೆಫಿರಾತ್. ಒಂದೇ ಮುಖ ಮೂರು ಸಲ ಕೂಡಿ ಬಂತೆನ್ನಿ, ಆ ವ್ಯಕ್ತಿಗೆ ಸೇರಿದ ವಿಶೇಷ ಶಕ್ತಿ ಸಿಗುತ್ತದೆ. ಕೆಲವೊಮ್ಮೆ ಯುದ್ಧವೇ ನಿಂತು ಅವರೊಂದಿಗಿನ ಹಳೆಯ ನೆನಪೊಂದು ತೆರೆಯ ಮೇಲೆ ಹಾಯುತ್ತದೆ. ಹೊಸಬರ ಪರಿಚಯವಾದಂತೆ ಸುರುಳಿಗೆ ಹೊಸ ಮುಖ ಸೇರುತ್ತದೆ.

ಮೊದಲ ಎರಡು ತಾಸು ಇದು ಕಿರಿಕಿರಿ. ನಾನೂ ಬೈದುಕೊಂಡೆ. ಕುಸ್ತಿ ಅಖಾಡದ ನಡುವೆ ಯಾರೋ ಲಾಟರಿ ಟಿಕೆಟ್ ಮಾರಿದಂತೆ. ಹತ್ತು ತಾಸಾದ ಮೇಲೆ ಅರ್ಥವಾಗುತ್ತದೆ: ಇದು ಜೂಜಲ್ಲ, ಜ್ಯಾಕ್‌ನ ತಲೆಯೊಳಗಿನ ಓಡಾಟ. ಹೊಡೆದಾಡುವಾಗ ಮನುಷ್ಯನಿಗೆ ಯಾರು ಯಾವಾಗ ನೆನಪಾಗುತ್ತಾರೋ ಹೇಳಲಾದೀತೇ?

● ಸುರುಳಿಯಲ್ಲಿ 777 ಬಂದರೆ ಜ್ಯಾಕ್ ಒಂದು ಹಂತ ಮೇಲೇರುತ್ತಾನೆ. ಪೂರಾ ಅದೃಷ್ಟ ಅಂದುಕೊಂಡಿರಾ? ಅಲ್ಲ. ಒಳಗೆ ಕಾಣದಂತೆ ಅನುಭವದ ಲೆಕ್ಕ ನಡೆಯುತ್ತಲೇ ಇರುತ್ತದೆ. ವೈರಿಗಳನ್ನು ಹೊಡೆದಷ್ಟೂ 777 ಬೀಳುವ ಸಂಭವ ಹೆಚ್ಚು. ದುಡಿಮೆಗೆ ಅದೃಷ್ಟದ ವೇಷ ಹಾಕಿದ್ದಾರೆ, ಇಷ್ಟೇ.

● ಕ್ಲೌಡ್‌ನ ಆ ಆಳೆತ್ತರದ ಕತ್ತಿ ಅವನದಲ್ಲ. ಜ್ಯಾಕ್‌ನದೂ ಅಲ್ಲ. ಮೊದಲ ಒಡೆಯ ಗುರು ಆಂಜೀಲ್. ಬಳಸಿದರೆ ಸವೆಯುತ್ತದೆ, ತುಕ್ಕು ಹಿಡಿಯುತ್ತದೆ ಎಂದು ಅವನು ಅದನ್ನು ಬೆನ್ನಿಗೆ ಹೊತ್ತು ತಿರುಗುತ್ತಾನೆಯೇ ಹೊರತು ಬೀಸುವುದು ಅಪರೂಪ. ನಮ್ಮ ಅಜ್ಜಿಯ ಹಿತ್ತಾಳೆ ಕೊಡದ ಗತಿಯೇ ಇದಕ್ಕೂ.

● ದೂರು ಇಲ್ಲವೇ? ಇದೆ. ಕಥೆಯ ಆಚೆಗೆ 300 ಕಿರುಕಾರ್ಯಗಳಿವೆ. ಅದೇ ಗವಿ, ಅದೇ ಕಾರ್ಖಾನೆ, ಅದೇ ಪ್ರಾಣಿ, ಬಣ್ಣ ಮಾತ್ರ ಬೇರೆ. ಬಸ್ಸಿನಲ್ಲಿ ಹತ್ತು ನಿಮಿಷ ಕಳೆಯಲು ಸರಿ, ಮನೆಯಲ್ಲಿ ಕೂತು ಆಡಲು ಶಿಕ್ಷೆ. ಇನ್ನು ಜೆನೆಸಿಸ್ ಎಂಬ ಪಾತ್ರ. ಜಪಾನಿನ ಗಾಯಕ ಗಾಕ್ಟ್ ಅವರ ಮುಖ, ಅವರದೇ ಧ್ವನಿ. ಬಾಯಿ ತೆರೆದರೆ ‘ಲವ್‌ಲೆಸ್’ ಎಂಬ ಕಾವ್ಯದ ಸಾಲು. ಒಮ್ಮೆ ಚೆನ್ನ, ಎರಡನೆಯ ಸಲ ಪರವಾಗಿಲ್ಲ, ಆರನೆಯ ಸಲ ಎದ್ದು ನೀರು ಕುಡಿಯಲು ಹೋಗುತ್ತೇವೆ. 1997ರ ಆಟದಲ್ಲಿ ಸುಳಿವೇ ಇಲ್ಲದವನನ್ನು ಪೂರ್ವಕಥೆಯ ಕೇಂದ್ರಕ್ಕೆ ತಂದು ಕೂರಿಸಿದ್ದು ನನ್ನ ಲೆಕ್ಕದಲ್ಲಿ ಈ ಆಟದ ದೊಡ್ಡ ತಪ್ಪು. ಮದುವೆಮನೆಯಲ್ಲಿ ಯಾರಿಗೂ ಗುರುತಿಲ್ಲದ ಬೀಗ ಮೈಕ್ ಹಿಡಿದಂತೆ.

● ಹಾಗಿದ್ದರೂ ಜಗತ್ತಿನಾದ್ಯಂತ 31 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

● ಅಳಿಯನ ಪ್ರಶ್ನೆಗೆ ಉತ್ತರ ಜಪಾನಿಗಿಂತ ಹತ್ತಿರದಲ್ಲೇ ಇದೆ. ಗಾಜಿಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಮಳಖೇಡ, ಕಾಗಿಣಾ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿನ ದೊರೆ ಅಮೋಘವರ್ಷ ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮೊದಲ ತೀರ್ಥಂಕರ ಆದಿನಾಥನ ಪುರಾಣ ಬರೆದರು. ಅದನ್ನು ಅನುಸರಿಸಿ ಪಂಪ 941ರಲ್ಲಿ ಕನ್ನಡದ ‘ಆದಿಪುರಾಣ’ ಕಟ್ಟಿದ. ಎರಡರಲ್ಲೂ ತೀರ್ಥಂಕರನ ಕಥೆಗೆ ಮುನ್ನ ಅವನ ಹಿಂದಿನ ಜನ್ಮಗಳ ಸಾಲೇ ಬರುತ್ತದೆ. ಇದಕ್ಕೆ ಭವಾವಳಿ ಎಂದು ಹೆಸರು. ಲಲಿತಾಂಗದೇವನಾಗಿ ಸ್ವಯಂಪ್ರಭೆಯನ್ನು ಪ್ರೀತಿಸಿದ ಜೀವ, ವಜ್ರಜಂಘನಾಗಿ ಹುಟ್ಟಿ ಅವಳನ್ನೇ ಶ್ರೀಮತಿಯಾಗಿ ಪಡೆಯುತ್ತದೆ. ಆಮೇಲೆ ಒಂದು ರಾತ್ರಿ ಮುಚ್ಚಿದ ಶಯ್ಯಾಗೃಹದಲ್ಲಿ ಧೂಪದ ಹೊಗೆ ಕಟ್ಟಿ ಇಬ್ಬರೂ ಅಪ್ಪುಗೆಯಲ್ಲೇ ಉಸಿರು ನಿಲ್ಲಿಸುತ್ತಾರೆ.

ಈ ಜೀವ ಕೊನೆಗೆ ಆದಿನಾಥನಾಗುತ್ತದೆ ಎಂಬುದು ಕೇಳುವವರಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಹೊಗೆ ತುಂಬುವ ಆ ಕೋಣೆಯಲ್ಲಿ ನಮ್ಮ ಉಸಿರೂ ಬಿಗಿಯುತ್ತದೆ. ಏನಾಗುತ್ತದೆ ಎಂಬ ಕುತೂಹಲ ತೀರಿದ ಮೇಲೆಯೇ ಹೇಗಾಯಿತು ಎಂಬ ಸಂಕಟ ಶುರು. ಪ್ರೀಕ್ವೆಲ್ ಎಂಬ ಮಾತನ್ನು ನಾವು ‘ಕಾಂತಾರ: ಚಾಪ್ಟರ್ 1’ ಬಂದ 2025ರಲ್ಲಿ ಮನೆಮನೆಯಲ್ಲೂ ಆಡಿದೆವು, ಕಸುಬು ಮಾತ್ರ ನಮಗೆ ಸಾವಿರ ವರ್ಷ ಹಳೆಯದು.

● ಜ್ಯಾಕ್ ಪ್ರಯೋಗಾಲಯದಲ್ಲಿ ಸೆರೆಯಾಗಿ 4 ವರ್ಷ ಕಳೆದದ್ದು ಅವನಿಗೇ ಗೊತ್ತಿರುವುದಿಲ್ಲ. ಗೊತ್ತಾಗುವುದು ಏರಿತ್‌ಳ ಕಾಗದದಿಂದ. ಅದು ಅವಳ 89ನೆಯ ಪತ್ರ.

● ಪಿಎಸ್‌ಪಿಗೆ ನಮ್ಮವರೂ ಆಟ ಮಾಡಿದ್ದರು ಗೊತ್ತೇ? ಹೈದರಾಬಾದಿನ ಗೇಮ್‌ಶಾಸ್ತ್ರ 2009ರಲ್ಲಿ ತಂದ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿ, ಗಿಲ್ಲಿದಾಂಡು, ಗಾಳಿಪಟ. ಇನ್ನು ಬೆಂಗಳೂರಿನ ಧ್ರುವ ಇಂಟರ್ಯಾಕ್ಟಿವ್ ಹುಟ್ಟಿದ್ದು 1997ರಲ್ಲೇ, ಜ್ಯಾಕ್ ಸತ್ತ ವರ್ಷ! ರಾಜೇಶ್ ರಾವ್ ಕಟ್ಟಿದ ಆ ಸಂಸ್ಥೆಯನ್ನು 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಕೊಂಡಿತು.

● ಪಿಎಸ್‌ಪಿ ಆಟಗಳನ್ನು ಫೋನಿನಲ್ಲಿ ಓಡಿಸುವ ‘ಪಿಪಿಎಸ್‌ಎಸ್‌ಪಿಪಿ’ ತಂತ್ರಾಂಶ ಮೊದಲು ಹೊರಬಂದದ್ದು 2012ರ ನವೆಂಬರ್ 1ರಂದು. ನಮ್ಮ ರಾಜ್ಯೋತ್ಸವಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ ಹೇಳಬೇಕೆನಿಸಿತು. ತಂತ್ರಾಂಶ ಬಳಸುವುದು ತಪ್ಪಲ್ಲ. ಕದ್ದ ಆಟ ತುಂಬಿಸಿಕೊಳ್ಳುವುದು ತಪ್ಪು. ‘ಕ್ರೈಸಿಸ್ ಕೋರ್’ ಮಾತ್ರ ಪಿಎಸ್‌ಪಿಯ ಆನ್‌ಲೈನ್ ಅಂಗಡಿಗೆ ಬರಲೇ ಇಲ್ಲ. ತಟ್ಟೆ ಇದ್ದವರಿಗೇ ಆಟ, 2022ರ ಡಿಸೆಂಬರ್‌ನಲ್ಲಿ ‘ರಿಯೂನಿಯನ್’ ಎಂಬ ಹೊಸ ರೂಪ ಬರುವವರೆಗೆ. ಹೊಸದು ನುಣುಪಾಗಿದೆ, ಕೈಗೆ ಹಗುರ. ಅಂಗೈಯೊಳಗಿನ ಗುಟ್ಟು ಎಂಬ ಭಾವ ಮಾತ್ರ ಹಳೆಯ ತಟ್ಟೆಯಲ್ಲೇ ಉಳಿಯಿತು.

● ಕೊನೆಯದು. ಆಟ ಮುಗಿಸದವರು ಇಲ್ಲಿಗೇ ಪುಟ ಮಡಚಬಹುದು.

ಮಿಡ್‌ಗಾರ್ ಪಟ್ಟಣದ ಹೊರಗಿನ ಬಂಡೆಗಳ ಮೇಲೆ ಜ್ಯಾಕ್ ಒಬ್ಬನೇ. ಎದುರಿಗೆ ಶಿನ್ರಾ ಸೇನೆ. ಆಡುವವನ ಕೈಗೇ ಯುದ್ಧ ಬಿಟ್ಟುಕೊಡುತ್ತಾರೆ, ಆದರೆ ಗೆಲ್ಲುವ ದಾರಿ ಇಟ್ಟಿಲ್ಲ. ಹೊಡೆದಷ್ಟೂ ಸೈನಿಕರು. ಮೂಲೆಯ ಸುರುಳಿಗಳು ತಿರುಗುತ್ತಲೇ ಇವೆ, ಈಗ ಏನೋ ಕೆಟ್ಟಿದೆ. ಮುಖಗಳು ಮಸುಕಾಗುತ್ತವೆ, ತಡವರಿಸುತ್ತವೆ. ಇಪ್ಪತ್ತು ಮೂವತ್ತು ತಾಸು ನಮ್ಮೊಡನಿದ್ದವರು ಒಬ್ಬೊಬ್ಬರಾಗಿ ಸುರುಳಿಯಿಂದಲೇ ಅಳಿಸಿಹೋಗುತ್ತಾರೆ. ಉಳಿಯುವುದು ಏರಿತ್‌ಳ ಮುಖ. ಅದೂ ಸರಿಯಾಗಿ ಕೂಡದೆ ಬಿಳಿಯಾಗಿಬಿಡುತ್ತದೆ. ಸಾಯುವವನ ನೆನಪು ಆರುವುದನ್ನು ಸಂಭಾಷಣೆಯಿಂದಲ್ಲ, ಆಟದ ನಿಯಮವೇ ಮುರಿದುಬೀಳುವುದರಿಂದ ತೋರಿಸಿದ್ದಾರೆ. ಸಿನಿಮಾದಿಂದ ಆಗದ, ಕಾದಂಬರಿಯಿಂದಲೂ ಆಗದ ಕೆಲಸ ಇದು. 300 ಕಿರುಕಾರ್ಯಗಳ ಬೇಸರವನ್ನು ನಾನು ಮನ್ನಿಸಿದ್ದು ಇಲ್ಲೇ. ಆಮೇಲೆ ಮಳೆ, ತೆವಳಿ ಬರುವ ಕ್ಲೌಡ್, ಕೈ ಬದಲಾಯಿಸುವ ಕತ್ತಿ. ಕಟ್ಟಕಡೆಗೆ ಒಂದು ರೈಲು: 1997ರ ಆಟ ಶುರುವಾಗುವ ಅದೇ ರೈಲು.

ಭಾನುವಾರ ರಾತ್ರಿ ಅಳಿಯ ಅಲ್ಲಿಗೆ ತಲುಪಿದ. ಒಳಗೆ ಫ್ಯಾನ್ ತಿರುಗುತ್ತಿದ್ದರೂ ಮಾಳಗಿ ಮೇಲೆಯೇ ಇದ್ದ. ಸುಮಾರು ಹೊತ್ತಾದ ಮೇಲೆ ಇಳಿದು ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡು ಕೇಳಿದ:

“ಮಾಮಾ, ಆ ಹಳೀದು, ಮೂರು ಸಿಡಿದು... ಅದು ಎಲ್ಲಿ ಸಿಗ್ತದ?”