ಅಪೆಂಡಿಕ್ಸನ್ನೂ ಜೊತೆಗೇ ತೆಗೆಸಿಬಿಡೋಣವೇ?



"ಗರ್ಭಕೋಶ ತೆಗೆಯೋಕೆ ಹೇಗೂ ಹೊಟ್ಟೆ ಕುಯ್ತಾರೆ, ಅಪೆಂಡಿಕ್ಸನ್ನೂ ಜೊತೆಗೇ ತೆಗೆಸಿಬಿಟ್ರೆ ಇನ್ನೊಂದು ಸಲದ ಖರ್ಚು ಉಳಿಯುತ್ತಲ್ವಾ?" ಸಂಘದ ಸಾಲ ತೆಗೆದು ಆಪರೇಷನ್ ಮಾಡಿಸುವವರಿಗೆ ಹೀಗೆ ಅನಿಸುವುದು ಸಹಜ. ಆದರೆ ಸ್ವಲ್ಪ ಯೋಚಿಸಿ.

ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿ, ದೊಡ್ಡ ಕರುಳಿಗೆ ಅಂಟಿಕೊಂಡಿರುವ ಬೆರಳುದ್ದದ ಕೊಳವೆಯೇ ಅಪೆಂಡಿಕ್ಸ್. ಅದು ಬಾತು ಕೀವಾಗುವುದು ಹೆಚ್ಚಾಗಿ 10ರಿಂದ 30 ವರ್ಷದೊಳಗೆ. ಇಡೀ ಜೀವಮಾನದಲ್ಲಿ ನೂರಕ್ಕೆ ಏಳೆಂಟು ಜನರಿಗೆ ಬರಬಹುದು, ಅಷ್ಟೇ. ನಲವತ್ತು ದಾಟಿದವರಿಗೆ ಸಾಧ್ಯತೆ ಇನ್ನೂ ಕಡಿಮೆ. ಇತ್ತ ಕರುಳಿನ ಭಾಗ ಕತ್ತರಿಸಿದಾಗ ಒಳಗಿನ ರೋಗಾಣುಗಳಿಂದ ನಂಜಾಗುವ ಭಯ, ಸ್ವಲ್ಪವೇ ಆದರೂ, ಇದ್ದೇ ಇದೆ. ಅಂಟಾರ್ಕ್ಟಿಕದ ಹಿಮದಲ್ಲಿ ಚಿಲಿ ದೇಶದವರು ಕಟ್ಟಿದ ಊರಿಗೆ ವಾಸಕ್ಕೆ ಹೋಗುವವರು, ಮಕ್ಕಳೂ ಸೇರಿ, ಮೊದಲೇ ಅದನ್ನು ತೆಗೆಸಿಕೊಳ್ಳಬೇಕಾಗಿತ್ತು. ಅಲ್ಲಿ ಸರ್ಜನ್ ಸಿಗುವುದಿಲ್ಲ. ನಮಗೆ ಹಾಗಲ್ಲ, ಕೊಪ್ಪದಿಂದ ಸೇತುವೆ ದಾಟಿದರೆ ಕುಶಾಲನಗರ, ಈ ಕಡೆ ಪಿರಿಯಾಪಟ್ಟಣ.

ಆದ್ದರಿಂದ ಚೆನ್ನಾಗಿರುವ ಅಪೆಂಡಿಕ್ಸನ್ನು ಸುಮ್ಮನೆ ತೆಗೆಸುವ ಅಗತ್ಯವಿಲ್ಲ. ವಯಸ್ಸು ಮೂವತ್ತೈದಕ್ಕಿಂತ ಕಡಿಮೆಯಿದ್ದು, ಕಾರಣ ತಿಳಿಯದ ಕಿಬ್ಬೊಟ್ಟೆ ನೋವು ಬಹಳ ದಿನದಿಂದ ಇದ್ದರೆ ಡಾಕ್ಟರು ತೆಗೆಯೋಣ ಎನ್ನಬಹುದು. ಆಗಲೂ "ಯಾಕೆ ಡಾಕ್ಟ್ರೇ?" ಎಂದು ಕೇಳಿ.

ನಿರ್ಧಾರ ನಿಮ್ಮದು. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಮಲಗಿದ್ದರು. ಅವರಿಗೆ ಎಚ್ಚರವಿಲ್ಲದಾಗ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ತಾಯಿಯ ಒಪ್ಪಿಗೆ ಸಾಲದು, ಜೀವಕ್ಕೆ ಅಪಾಯವಿದ್ದು ಕಾಯಲು ಆಗದಿದ್ದರೆ ಮಾತ್ರ ಹಾಗೆ ಮಾಡಬಹುದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ನಮ್ಮಲ್ಲಿ ಗಂಡನೋ ಅತ್ತೆಯೋ ಸಹಿ ಹಾಕಿದರೆ ಮುಗಿಯಿತು ಅಂದುಕೊಳ್ಳುತ್ತೇವಲ್ಲ! ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಏನೇನು ತೆಗೆಯುತ್ತಾರೆಂದು ಓದಿಸಿ ಕೇಳಿ.

ಮನೆಗೆ ಹೊರಡುವಾಗ ಡಿಸ್ಚಾರ್ಜ್ ಚೀಟಿಯಲ್ಲಿ ಅಪೆಂಡಿಕ್ಸ್ ತೆಗೆದಿದೆಯೋ ಇಲ್ಲವೋ ಬರೆಸಿಕೊಳ್ಳಿ, ಚೀಟಿ ಜೋಪಾನ ಮಾಡಿ. ಮುಂದೆ ನೋವು ಬಂದರೆ ಡಾಕ್ಟರು ಮೊದಲು ಕೇಳುವುದು ಅದನ್ನೇ.

ಹೊಕ್ಕಳ ಸುತ್ತ ಶುರುವಾದ ನೋವು ಬಲಗಡೆ ಕೆಳಕ್ಕೆ ಇಳಿದು, ವಾಂತಿ, ಜ್ವರ ಬಂದರೆ ಹರಳೆಣ್ಣೆ ಕುಡಿಸಬೇಡಿ, ಭೇದಿ ಮಾತ್ರೆ ಕೊಡಬೇಡಿ, ಅಪೆಂಡಿಕ್ಸ್ ಒಡೆಯಬಹುದು. ಹೊಗೆಸೊಪ್ಪು ಬೇಯಿಸುವ ದಿನವಾದರೂ ಸರಿ, ಕೆಲಸ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.